ಡಬಲ್ ಕ್ಯಾಬ್ ಕೊಳ್ಳುವ ಮುನ್ನ

ಗೊಬ್ಬರ ಸಾಗಿಸಿದ ಎತ್ತಿನ ಗಾಡಿಯನ್ನೇ ತೊಳೆದು, ಕಮಾನು ಕಟ್ಟಿ, ಮನೆಮಂದಿಯನ್ನು ಕೂರಿಸಿಕೊಂಡು ನಮ್ಮ ಹಿರಿಯರು ಜಾತ್ರೆಗೆ ಹೋಗುತ್ತಿದ್ದರು. ರಾತ್ರಿ ಅದರಡಿಯಲ್ಲೇ ಮಲಗುತ್ತಿದ್ದರು. ಇಂದು ಅದೇ ಆಸೆಯಿಂದ ಕೆಲವು ರೈತ ಬಾಂಧವರು ಎರಡು ಸಾಲು ಆಸನದ ಡಬಲ್ ಕ್ಯಾಬ್ ಪಿಕಪ್ ಕೊಳ್ಳಲು ಹೊರಟಿದ್ದಾರೆ. ತೋಟದ ಕೆಲಸಕ್ಕೂ ಆಯಿತು, ಮಕ್ಕಳೊಡನೆ ಡೇರೆ ಹಾಕಿ ತಂಗಲೂ ಆಯಿತು ಎಂಬುದು ಅವರ ಲೆಕ್ಕ. ಆಸೆ ತಪ್ಪಲ್ಲ, ಲೆಕ್ಕ ಸರಿಯಿರಬೇಕು.

ಮೊದಲು ತೂಕ ನೋಡಿ. ವಾಹನದ ದಾಖಲೆಯಲ್ಲಿರುವ ಒಟ್ಟು ತೂಕದಿಂದ ಖಾಲಿ ತೂಕ ಕಳೆಯಿರಿ. ಉಳಿದದ್ದರಲ್ಲಿ ಸರಕಿನ ಜೊತೆಗೆ ಕುಳಿತವರ ತೂಕವೂ ಸೇರಬೇಕು. ಐದು ಮಂದಿ ಸುಮಾರು 300 ಕಿಲೋ. 50 ಕಿಲೋದ ಹತ್ತು ಮೂಟೆ ಗೊಬ್ಬರ 500 ಕಿಲೋ. ಬೊಲೆರೋ ಕ್ಯಾಂಪರ್ ದುಡಿಮೆಯ ಗಾಡಿ. ಹೈಲಕ್ಸ್, ವಿ-ಕ್ರಾಸ್ ದೂರ ಪ್ರಯಾಣಕ್ಕೆ ಹಿತ, ಆದರೆ 5 ಮೀಟರಿಗೂ ಹೆಚ್ಚು ಉದ್ದ. ತೋಟದ ಗೇಟು, ಓಣಿಯ ತಿರುವು ಅಳೆದು ನೋಡಿ. ಫಲಕ ಹಳದಿಯೋ ಬಿಳಿಯೋ ಕೇಳಿಕೊಳ್ಳಿ. ತೆರಿಗೆ, ವಿಮೆ ಬೇರೆಬೇರೆ.

ಕೀಟನಾಶಕದ ಡಬ್ಬಿ ಹಿಂದಿನ ತೊಟ್ಟಿಯಲ್ಲಿರಲಿ, ಜನ ಕೂರುವಲ್ಲಿ ಬೇಡ. ಹಾಸಿಗೆ, ಪಾತ್ರೆ ಏರಿಸುವ ಮುನ್ನ ತೊಟ್ಟಿ ಚೆನ್ನಾಗಿ ತೊಳೆಯಿರಿ. ಅಲ್ಲಿ ಮಕ್ಕಳನ್ನಾಗಲಿ, ಕೂಲಿಯವರನ್ನಾಗಲಿ ಕೂರಿಸಲೇಬೇಡಿ.

ನನ್ನ ವಲಯದ ರೈತರೊಬ್ಬರು ದೊಡ್ಡ ಗಾಡಿ ಕೊಂಡು, ಶುಂಠಿ ಬೆಲೆ ಬಿದ್ದ ವರ್ಷ ಕಂತು ಕಟ್ಟಲು ಎರಡು ಹಸು ಮಾರಿದರು. ಪ್ರವಾಸ ವರ್ಷಕ್ಕೆ ನಾಲ್ಕು ದಿನ, ಕಂತು ಹನ್ನೆರಡು ತಿಂಗಳು. ದಿನನಿತ್ಯದ ಹೊರೆಗೆ ತಕ್ಕ ಗಾಡಿ ಕೊಳ್ಳಿ. ಡೇರೆ ಅದರಲ್ಲಿಯೂ ಹಿಡಿಸುತ್ತದೆ.