ಹೆಪ್ಪು ನೆರೆಮನೆಯದು, ಹಾಲು ನಮ್ಮದು

"ಎಲ್ಲವನ್ನೂ ಸ್ವಂತವಾಗಿಯೇ ಮಾಡಬೇಕು" ಎಂದು ಕೆಲವರು ಹೇಳುತ್ತಾರೆ. "ಹಣವಿದ್ದರೆ ಏನನ್ನೂ ಕೊಳ್ಳಬಹುದು" ಎನ್ನುವವರೂ ಉಂಟು. ಈ ಎರಡೂ ಅರ್ಧ ಸತ್ಯಗಳೆಂಬುದಕ್ಕೆ ಗಣಕಯಂತ್ರದ ಚರಿತ್ರೆಯೇ ಸಾಕ್ಷಿ.

ಗಣಕಯಂತ್ರದ ಭಾಗಗಳನ್ನೆಲ್ಲ ಹತೋಟಿಯಲ್ಲಿಟ್ಟು, ನಾವು ಹೇಳಿದ ಕೆಲಸವನ್ನು ಅವುಗಳಿಂದ ಮಾಡಿಸುವ ಮೂಲ ತಂತ್ರಾಂಶಕ್ಕೆ ಆಪರೇಟಿಂಗ್ ಸಿಸ್ಟಂ ಎಂದು ಹೆಸರು. ಅಮೆರಿಕದ ಆಪಲ್ ಸಂಸ್ಥೆಯು 1990ರ ದಶಕದಲ್ಲಿ 'ಕೋಪ್‌ಲ್ಯಾಂಡ್' ಎಂಬ ಹೊಸ ವ್ಯವಸ್ಥೆಯೊಂದನ್ನು ತಾನೇ ಕಟ್ಟಲು ಹೊರಟಿತು. ಕೆಲಸ ಕೈಗೂಡಲಿಲ್ಲ, 1996ರಲ್ಲಿ ಅದನ್ನು ಕೈಬಿಡಬೇಕಾಯಿತು. ಅದೇ ಡಿಸೆಂಬರಿನಲ್ಲಿ ನೆಕ್ಸ್ಟ್ ಎಂಬ ಸಣ್ಣ ಸಂಸ್ಥೆಯನ್ನು ಸುಮಾರು 40 ಕೋಟಿ ಡಾಲರಿಗೆ ಕೊಳ್ಳುವುದಾಗಿ ಆಪಲ್ ಸಾರಿತು. ಅದನ್ನು ಸ್ಥಾಪಿಸಿದ್ದವರು 1985ರಲ್ಲಿ ಆಪಲನ್ನೇ ಬಿಟ್ಟುಹೋಗಿದ್ದ ಸ್ಟೀವ್ ಜಾಬ್ಸ್! ನೆಕ್ಸ್ಟ್‌ನ ವ್ಯವಸ್ಥೆಯಾದರೂ ಕಾರ್ನೆಗಿ ಮೆಲನ್ ಮತ್ತು ಬರ್ಕ್ಲಿ ವಿಶ್ವವಿದ್ಯಾಲಯಗಳ ವಿದ್ವಾಂಸರ ದುಡಿಮೆಯ ಮೇಲೆ ನಿಂತಿತ್ತು.

ಆದರೆ ಕೊಂಡ ಮಾತ್ರಕ್ಕೆ ಕೆಲಸ ಮುಗಿಯಲಿಲ್ಲ. ಅದನ್ನು ತನ್ನ ಯಂತ್ರಗಳಿಗೆ ಹೊಂದಿಸಿ, ಹೊಸ ರೂಪ ಕೊಟ್ಟು, ಹಳೆಯ ತಂತ್ರಾಂಶಗಳೂ ನಡೆಯುವಂತೆ ಮಾಡಲು ಆಪಲ್‌ನವರಿಗೆ ನಾಲ್ಕು ವರ್ಷಕ್ಕೂ ಮಿಕ್ಕಿ ಕಾಲ ಹಿಡಿಯಿತು. 2001ರ ಮಾರ್ಚಿನಲ್ಲಿ ಮ್ಯಾಕ್ ಓಎಸ್ ಟೆನ್ ಹೊರಬಂತು.

ನಮ್ಮ ಮನೆಮನೆಯ ಮೊಬೈಲಿನ ಕಥೆಯೂ ಇಂತಹುದೇ. ಆಂಡ್ರಾಯ್ಡ್ ಎಂಬ ಸಣ್ಣ ಸಂಸ್ಥೆಯನ್ನು ಗೂಗಲ್ 2005ರಲ್ಲಿ ಕೊಂಡಿತು. ಮೊದಲ ಆಂಡ್ರಾಯ್ಡ್ ಫೋನು ಬಂದದ್ದು 2008ರಲ್ಲಿ. ಅದರ ಭಾಷೆಗಳ ಪಟ್ಟಿಗೆ ಕನ್ನಡ ಸೇರಿದ್ದು 2014ರ ಐದನೆಯ ಆವೃತ್ತಿಯಲ್ಲಿ. ಕೊಟ್ಟ ಹಣದೊಂದಿಗೆ ಕನ್ನಡ ಬರಲಿಲ್ಲ. ಅನಂತರದ ದುಡಿಮೆಯಿಂದ ಬಂತು. ಗಡಿನಾಡಿನಲ್ಲಿ ಕನ್ನಡ ಕಲಿಯುವ ನಮಗೆ ಇದು ಸಣ್ಣ ಮಾತಲ್ಲ.

ದೊಡ್ಡ ಸಂಸ್ಥೆಗಳು ಸಣ್ಣವನ್ನು ನುಂಗುತ್ತ ಹೋದರೆ ಸ್ಪರ್ಧೆ ಸಾಯುತ್ತದೆಂಬ ಆಕ್ಷೇಪ ಸುಳ್ಳಲ್ಲ. ಕೊಂಡದ್ದನ್ನು ಮೂಲೆಗೆ ತಳ್ಳಿದರೆ ಲೋಕಕ್ಕೇ ನಷ್ಟ. ಆದುದರಿಂದ ಕೊಳ್ಳುವುದು ತಪ್ಪೋ ಸರಿಯೋ ಎಂಬುದನ್ನು ಕೊಂಡ ಮೇಲೆ ಏನು ಮಾಡಿದರೆಂಬುದರಿಂದಲೇ ಅಳೆಯಬೇಕೆಂದು ನನ್ನ ಅಭಿಪ್ರಾಯ.

ಮನೆಯಲ್ಲಿ ಹೆಪ್ಪಿಲ್ಲದಾಗ ನೆರೆಮನೆಯಿಂದ ತರುವುದು ನಾಚಿಕೆಯಲ್ಲ. ಆದರೆ ಹಾಲು ಕಾಯಿಸಿ, ಹದ ನೋಡಿ ಹೆಪ್ಪು ಹಾಕುವ ಕೆಲಸ ನಮ್ಮದೇ. ವಿದ್ಯಾರ್ಥಿ ಮಿತ್ರರೇ, ಗೈಡು ಕೊಂಡರೆ ಪಾಠ ಬಂದಂತಲ್ಲ. ಪಾಲಕರೇ, ಮಕ್ಕಳ ಕೈಗೆ ಫೋನು ಕೊಟ್ಟರೆ ಜ್ಞಾನ ಕೊಟ್ಟಂತೆಯೂ ಅಲ್ಲ. ಪಡೆದುದಕ್ಕೆ ನಮ್ಮ ಬುದ್ಧಿಯನ್ನೂ ಬೆವರನ್ನೂ ಸೇರಿಸಿದಾಗಲೇ ಅದು ನಮ್ಮದಾಗುತ್ತದೆ.