ಡಿಗ್ರಿ ಮುಗಿದ ಮೇಲೆ ನರ್ಸಿಂಗ್
ಶಹಾಪುರ, ಸುರಪುರದ ಕಡೆ ಬಿ.ಎ., ಬಿ.ಎಸ್ಸಿ. ಮುಗಿಸಿ ಸ್ಪರ್ಧಾತ್ಮಕ ಪರೀಕ್ಷೆಯ ಗೈಡು ಹಿಡಿದು ಕೂತ ಹುಡುಗಿಯರು, ‘ಇನ್ನ ನರ್ಸಿಂಗ್ ಓದ್ಲಿಕ್ಕೆ ಬರ್ತದೇನ್ರಿ?’ ಅಂತ ಕೇಳುವುದುಂಟು. ಬರುತ್ತದೆ, ಆದರೆ ಒಳದಾರಿ ಇಲ್ಲ. ಅಮೆರಿಕದಲ್ಲಿ ಬೇರೆ ವಿಷಯದ ಪದವೀಧರರಿಗೆಂದೇ 11ರಿಂದ 18 ತಿಂಗಳಲ್ಲಿ ಮುಗಿಯುವ ನರ್ಸಿಂಗ್ ಪದವಿಗಳಿವೆ. ನಮ್ಮಲ್ಲಿ ಕೈಯಲ್ಲಿರುವ ಡಿಗ್ರಿಗೆ ಅಂಥ ರಿಯಾಯಿತಿ ಸಿಗದು. ಕೇಳುವುದು ಪಿಯುಸಿ ಅಂಕಪಟ್ಟಿಯನ್ನೇ. ಅದರಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ, ಇಂಗ್ಲಿಷ್ ಇದ್ದರೆ 4 ವರ್ಷದ ಬಿ.ಎಸ್ಸಿ. ನರ್ಸಿಂಗ್ ಸೇರಬಹುದು; ಸರ್ಕಾರಿ ಸೀಟು ಬೇಕೆಂದರೆ ಸಿಇಟಿ ಬರೆಯಬೇಕು. ಕಲಾ, ವಾಣಿಜ್ಯ ಓದಿದವರಿಗೂ 3 ವರ್ಷದ ಜಿಎನ್‌ಎಂ (ಜನರಲ್ ನರ್ಸಿಂಗ್ ಅಂಡ್ ಮಿಡ್‌ವೈಫರಿ) ಡಿಪ್ಲೊಮಾದ ಬಾಗಿಲು ತೆರೆದಿದೆ. ಇಂಗ್ಲಿಷ್ ಇದ್ದು ಶೇ 40 ಅಂಕ ಬಂದಿದ್ದರೆ ಸಾಕು. ಅದು ಮುಗಿದು ನರ್ಸಿಂಗ್ ಕೌನ್ಸಿಲ್‌ನಲ್ಲಿ ನೋಂದಣಿಯಾದರೆ, ಮುಂದೆ 2 ವರ್ಷದ ಪೋಸ್ಟ್ ಬೇಸಿಕ್ ಬಿ.ಎಸ್ಸಿ. ಓದಿ ಪದವಿಯನ್ನೂ ಪಡೆಯಬಹುದು. ಅಲ್ಲಿಗೆ ಒಟ್ಟು 5 ವರ್ಷ. ದಾರಿ ಉದ್ದ, ಹೌದು. ಡಿಗ್ರಿ ಕಲಿಸಿದ ಓದುವ ರೂಢಿಯೊಂದೇ ಇಲ್ಲಿ ಸಿಗುವ ಲಾಭ. ನಮ್ಮ ಭಾಗದವರಿಗೆ ಇನ್ನೊಂದು ಆಸರೆಯಿದೆ: ಸಂವಿಧಾನದ 371(ಜೆ) ವಿಧಿಯಡಿ ಕಲ್ಯಾಣ ಕರ್ನಾಟಕದ ಕಾಲೇಜುಗಳಲ್ಲಿ ಸ್ಥಳೀಯರಿಗೆ ಶೇ 70 ಸೀಟು ಮೀಸಲು. ಅದಕ್ಕೆ ಬೇಕಾದ ಅರ್ಹತಾ ಪ್ರಮಾಣಪತ್ರವನ್ನು ಪ್ರವೇಶದ ಗಡಿಬಿಡಿಗೆ ಮೊದಲೇ ಮಾಡಿಸಿಟ್ಟುಕೊಳ್ಳಿ. 2009ರ ಕೊನೆಗೆ ಜಿಲ್ಲೆಯಾದ ನಮ್ಮ ಯಾದಗಿರಿಗೆ ಈಗ ಸರ್ಕಾರಿ ಮೆಡಿಕಲ್ ಕಾಲೇಜೂ ಬಂದಿದೆ. ಅಲ್ಲೂ ಡಾಕ್ಟರು ಬಂದು ಹೋದ ಮೇಲೆ ರಾತ್ರಿಯಿಡೀ ರೋಗಿಯ ಪಕ್ಕ ಇರುವವರು ನರ್ಸ್‌ಗಳೇ. ‘ಒಂದೇ ವರ್ಷದಲ್ಲಿ ನರ್ಸ್ ಮಾಡ್ತೀವಿ’ ಎಂಬ ಬೋರ್ಡು ಕಂಡರೆ ಮಾತ್ರ ಫೀಸು ಕಟ್ಟುವ ಮೊದಲು ಕೌನ್ಸಿಲ್‌ನ ಮಾನ್ಯತೆ ಇದೆಯೇ ಎಂದು ಕೇಳಿ.