ರೆಟ್ರೋ ಅಂದ್ರೆ ಯಾರ ನೆನಪು?

ಕಳೆದ ತಿಂಗಳು ಅಮೆರಿಕದ ಫೀನಿಕ್ಸ್‌ನಲ್ಲಿರೋ ನನ್ನ ದೊಡ್ಡಮ್ಮನ ಮಗಳು ವಿಡಿಯೋ ಕಾಲ್ ಮಾಡಿದ್ಲು. ವೀಕೆಂಡ್ ಅಂತ ಅಕ್ಕ-ಭಾವ ಇಬ್ಬರೂ ಸುಮಾರು 330 ಕಿ.ಮೀ. ಕಾರು ಓಡಿಸ್ಕೊಂಡು ಬಿಸ್ಬಿ ಅನ್ನೋ ಊರಿಗೆ ಹೋಗಿದ್ರು. ಅರಿಜೋನಾ ರಾಜ್ಯದಲ್ಲಿ, ಮೆಕ್ಸಿಕೋ ಗಡಿಗೆ ಹತ್ತಿರ ಇರೋ ಸಣ್ಣ ಊರು ಅದು. ಅಲ್ಲಿ ಶೇಡಿ ಡೆಲ್ ಅಂತ ಒಂದು ಜಾಗ ಇದೆ. ಹೋಟೆಲ್ ರೂಮ್ ಬದಲು 1950ರ ಆಸುಪಾಸಿನ ಟ್ರೈಲರ್‌ಗಳಲ್ಲಿ ಉಳ್ಕೋಬೇಕು. ಟ್ರೈಲರ್ ಅಂದ್ರೆ ಕಾರಿನ ಹಿಂದೆ ಕಟ್ಟಿ ಎಳ್ಕೊಂಡು ಹೋಗೋ ಚಕ್ರದ ಮನೆ. ಒಳಗೆ ಹಳೇ ರೇಡಿಯೋ, ಹಳೇ ಕಾಫಿ ಪಾತ್ರೆ, ಆ ಕಾಲದ ಮ್ಯಾಗಜೀನ್‌ಗಳು. ಅಕ್ಕ ಫೋನ್ ತಿರುಗಿಸಿ ತಿರುಗಿಸಿ ತೋರಿಸಿದ್ಲು. ನನಗಂತೂ ಸಖತ್ ಇಷ್ಟ ಆಯ್ತು.

ಪಕ್ಕದಲ್ಲಿ ಅಜ್ಜಿ ಕೂತಿದ್ರು. ‘ಬಚ್ಚಲು ಎಲ್ಲೇ?’ ಅಂತ ಕೇಳಿದ್ರು. ‘ಹೊರಗಡೆ ಇದೆ ಅಜ್ಜಿ, ಎಲ್ಲರಿಗೂ ಒಂದೇ ಕಡೆ’ ಅಂದ್ಲು ಅಕ್ಕ. ಅಜ್ಜಿ ಒಂದು ಕ್ಷಣ ಸುಮ್ನಿದ್ದು, ‘ರಾತ್ರಿ ಹೊತ್ತು ಟಾರ್ಚ್ ಹಿಡ್ಕೊಂಡು ಹೊರಗೆ ಹೋಗೋಕೆ ದುಡ್ಡು ಬೇರೆ ಕೊಟ್ಟಿದೀಯೇನೇ?’ ಅಂದ್ರು. ಎಲ್ಲರೂ ನಕ್ವಿ. ಅಜ್ಜಿ ನಗ್ಲಿಲ್ಲ. ಮೂವತ್ತು ವರ್ಷ ಮಳೆಯಲ್ಲೂ ಚಳಿಯಲ್ಲೂ ಹಿತ್ತಲಿಗೆ ನಡೆದವರು ಅವರು. ಮನೆ ಒಳಗೆ ಬಾತ್‌ರೂಮ್ ಬಂದ ದಿನ ಅವರಿಗೆ ಹಬ್ಬ.

ಅವತ್ತಿಂದ ಈ ರೆಟ್ರೋ ವಿಷಯ ನನ್ನ ತಲೆ ತಿಂತಾ ಇದೆ.

ಆ ಟ್ರೈಲರ್‌ಗಳ ಬಗ್ಗೆ ಓದ್ತಾ ಹೋದೆ. ಇಂಜಿನಿಯರಿಂಗ್ ಓದೋರಿಗೆ ಇದು ಒಳ್ಳೇ ಕಥೆ. ಏರ್‌ಸ್ಟ್ರೀಮ್ ಹೆಸರು ಕೇಳಿರ್ತೀರಿ, ಬೆಳ್ಳಿ ಬಣ್ಣದ, ಬ್ರೆಡ್ ಥರ ದುಂಡಗಿರೋ ಟ್ರೈಲರ್. ವಾಲಿ ಬೈಯಮ್ ಅನ್ನೋರ ಕಂಪನಿ 1936ರಲ್ಲಿ ಕ್ಲಿಪ್ಪರ್ ಮಾಡೆಲ್ ತಂತು. ಅಲ್ಯೂಮಿನಿಯಂ ಹಾಳೆಗಳನ್ನ ರಿವೆಟ್ ಹೊಡೆದು ಕೂಡಿಸಿದ ಮೈ. ವಿಮಾನದ ಹಾಗೆ ಹೊರಗಿನ ಚರ್ಮವೇ ಭಾರ ಹೊರುತ್ತೆ, ಅದಕ್ಕೇ ತೂಕ ಕಮ್ಮಿ. ದುಂಡಗಿರೋದ್ರಿಂದ ಗಾಳಿಯ ತಡೆಯೂ ಕಮ್ಮಿ. ಸ್ಪಾರ್ಟನ್ ಅಂತ ಇನ್ನೊಂದು ಹೆಸರು. ಅದು ಓಕ್ಲಹೋಮಾದ ಟಲ್ಸಾದಲ್ಲಿದ್ದ ನಿಜವಾದ ವಿಮಾನ ಕಂಪನಿ. ಎರಡನೇ ಮಹಾಯುದ್ಧ ಮುಗಿದ ಮೇಲೆ ಅದೇ ಕಾರ್ಖಾನೆ ಟ್ರೈಲರ್ ಮಾಡೋಕೆ ಶುರು ಮಾಡ್ತು.

ಯಾಕೆ ಟ್ರೈಲರ್? ಮನೆ ಇರ್ಲಿಲ್ಲ, ಅದಕ್ಕೆ. ಯುದ್ಧ ಮುಗಿಸಿ ಲಕ್ಷಗಟ್ಟಲೆ ಸೈನಿಕರು ವಾಪಸ್ ಬಂದ್ರು. 1944ರ ಜಿ.ಐ. ಬಿಲ್ ಅನ್ನೋ ಕಾನೂನಿನಿಂದ ಅವರಿಗೆ ಕಾಲೇಜು ಓದೋಕೆ ಸರ್ಕಾರದ ದುಡ್ಡು ಸಿಕ್ತು. ಆದ್ರೆ ಹೆಂಡತಿ-ಮಕ್ಕಳ ಜೊತೆ ಉಳ್ಕೊಳ್ಳೋಕೆ ಜಾಗ ಸಿಗ್ಲಿಲ್ಲ. ಎಷ್ಟೋ ಯೂನಿವರ್ಸಿಟಿಗಳು ಕ್ಯಾಂಪಸ್‌ನಲ್ಲೇ ಟ್ರೈಲರ್‌ಗಳನ್ನ ಸಾಲಾಗಿ ನಿಲ್ಲಿಸಿ ಕೇರಿ ಮಾಡಿದ್ವು. ನಮ್ಮ ಹಾಸ್ಟೆಲ್ ರೂಮ್ ಚಿಕ್ಕದು ಅಂತ ಗೊಣಗ್ತೀವಲ್ಲ, ಅಷ್ಟೇ ಜಾಗದಲ್ಲಿ ಮಗುವನ್ನ ಮಲಗಿಸಿ ಎಕ್ಸಾಮ್‌ಗೆ ಓದಿದ್ದಾರೆ. ಅವರಿಗೆ ಅದು ರೆಟ್ರೋ ಅಲ್ಲ, ಬೇರೆ ದಾರಿ ಇಲ್ಲದೆ ಇದ್ದದ್ದು.

ಅಂದ್ರೆ ಇವತ್ತಿನ ಎರಡು ದಿನದ ಮಜಾ ಅವತ್ತಿನ ಎರಡು ವರ್ಷದ ಕಷ್ಟ. ಹಾಗಂತ ಅಕ್ಕ ಮಾಡಿದ್ದು ತಪ್ಪು ಅಂತೀನಾ? ಇಲ್ಲ. ‘ಇದೆಲ್ಲ ದುಡ್ಡಿದ್ದೋರ ಶೋಕಿ, ಬಡವರ ಬದುಕನ್ನ ಬಾಡಿಗೆಗೆ ಕೊಡೋದು’ ಅಂತ ನನ್ನ ರೂಮ್‌ಮೇಟ್ ವಾದ ಮಾಡ್ದ. ಅರ್ಧ ಒಪ್ತೀನಿ. ಆದ್ರೆ ಆ ಟ್ರೈಲರ್‌ಗಳನ್ನ ಯಾರೂ ಉಳಿಸ್ಕೊಳ್ಳದೇ ಇದ್ದಿದ್ರೆ ಏನಾಗ್ತಿತ್ತು? ಗುಜರಿಗೆ ಹೋಗಿ ಅಲ್ಯೂಮಿನಿಯಂ ತೂಕಕ್ಕೆ ಮಾರಾಟ ಆಗ್ತಿತ್ತು. ಶೇಡಿ ಡೆಲ್ ಜಾಗ ಕೂಡ ನೆನ್ನೆ ಮೊನ್ನೆ ಹುಟ್ಟಿದ್ದಲ್ಲ, 1927ರಲ್ಲೇ ಹೈವೇ 80ರ ಪ್ರಯಾಣಿಕರು ತಂಗೋಕೆ ಅಂತ ಶುರುವಾಗಿದ್ದು. ಬಾಡಿಗೆ ಕೊಡೋರು ಇರೋದ್ರಿಂದ್ಲೇ ಹಳೇ ವಸ್ತು ಉಳ್ಕೊಂಡಿದೆ. ವಸ್ತು ಉಳಿದಿದೆ ಸರಿ, ಅದರ ಜೊತೆ ಬದುಕಿದೋರ ಮಾತು ಉಳೀತಾ ಅನ್ನೋದು ನನ್ನ ಪ್ರಶ್ನೆ.

ಉತ್ತರ ಅದೇ ಊರಲ್ಲಿ ಸಿಕ್ತು. ಬಿಸ್ಬಿ ತಾಮ್ರದ ಗಣಿ ಊರು. 1975ರಲ್ಲಿ ಗಣಿ ಕೆಲಸ ನಿಂತಾಗ ಊರಿಗೆ ಊರೇ ಕೆಲಸ ಕಳ್ಕೊಳ್ತು. ಆಮೇಲೆ ಕ್ವೀನ್ ಮೈನ್ ಅನ್ನೋ ಗಣಿಯನ್ನ ಪ್ರವಾಸಿಗರಿಗೆ ತೆರೆದ್ರು. ಒಳಗೆ ಕರ್ಕೊಂಡು ಹೋಗಿ ತೋರಿಸ್ತಿದ್ದೋರು ಅಲ್ಲೇ ದುಡಿದ ಹಳೇ ಗಣಿ ಕಾರ್ಮಿಕರು. ಎಲ್ಲಿ ಡ್ರಿಲ್ ಹೊಡೀತಿದ್ವಿ, ಎಲ್ಲಿ ಬ್ಲಾಸ್ಟ್ ಮಾಡ್ತಿದ್ವಿ ಅಂತ ಕೆಲಸ ಮಾಡಿದೋನೇ ಹೇಳಿದ್ರೆ, ಟಿಕೆಟ್ ತಗೊಂಡ ಟೂರಿಸ್ಟ್ ಕೂಡ ಬಾಯಿ ಮುಚ್ಚಿ ಕೇಳ್ತಾನೆ. ನನ್ನ ಲೆಕ್ಕದಲ್ಲಿ ಒಳ್ಳೇ ರೆಟ್ರೋ ಅಂದ್ರೆ ಅದು. ಹಳೇ ವಸ್ತು ಇರ್ಬೇಕು, ಅದನ್ನ ಬಳಸಿದೋರು ಪಕ್ಕದಲ್ಲಿ ನಿಂತು ‘ಇದು ಚೆನ್ನಾಗಿತ್ತು, ಇದು ನರಕ’ ಅಂತ ಎರಡನ್ನೂ ಹೇಳ್ಬೇಕು.

ಈಗ ನಮ್ಮ ಕ್ಯಾಂಪಸ್‌ಗೆ ಬರೋಣ. ಹೋದ ಸೆಮಿಸ್ಟರ್ ರೆಟ್ರೋ ಡೇ ಮಾಡಿದ್ವಿ. ಬೆಲ್ ಬಾಟಮ್, ದೊಡ್ಡ ಕನ್ನಡಕ, ಹಳೇ ಹಾಡು, ನೂರಾರು ರೀಲ್ಸ್. ನಾನೂ ಅಪ್ಪನ ಶರ್ಟ್ ಹಾಕ್ಕೊಂಡು ಕುಣಿದೆ, ಸುಳ್ಳು ಯಾಕೆ ಹೇಳ್ಲಿ. ಆದ್ರೆ ಆ ಶರ್ಟ್ ಹಾಕ್ಕೊಂಡಾಗ ಅಪ್ಪನಿಗೆ ಎಷ್ಟು ಸಂಬಳ, ಎಲ್ಲಿ ಬಾಡಿಗೆಗಿದ್ರು ಅಂತ ಕೇಳಿರ್ಲಿಲ್ಲ. ಅದು ಕಾಸ್ಟ್ಯೂಮ್ ಅಷ್ಟೇ ಆಗಿತ್ತು.

ಇದಕ್ಕೇ ಒಂದು ಸಲಹೆ. ನಮ್ಮ ವರ್ಕ್‌ಶಾಪ್ ಮೂಲೆಯಲ್ಲಿ ಒಂದು ಹಳೇ ಲೇತ್ ಮೆಷಿನ್ ಇದೆಯಲ್ಲ, ಫಸ್ಟ್ ಇಯರ್‌ನಲ್ಲಿ ಬ್ಯಾಗ್ ಇಡೋಕೆ ಬಳಸ್ತಿದ್ವಿ. ಅದರ ಮೇಲೆ ಕೈ ಪಳಗಿದ ಇನ್‌ಸ್ಟ್ರಕ್ಟರ್ ಮುಂದಿನ ವರ್ಷ ರಿಟೈರ್ ಆಗ್ತಿದ್ದಾರೆ. ಮುಂದಿನ ರೆಟ್ರೋ ಡೇಗೆ ಡಿಜೆ ಒಂದು ಗಂಟೆ ತಡವಾಗಿ ಶುರುವಾಗ್ಲಿ. ಆ ಲೇತ್‌ಗೆ ಎಣ್ಣೆ ಹಾಕಿ, ಸರ್ ಕೈಯಲ್ಲೇ ಅದನ್ನ ಓಡಿಸಿ, ಅವರ ಮಾತನ್ನ ಕನ್ನಡದಲ್ಲೇ ರೆಕಾರ್ಡ್ ಮಾಡೋಣ. ಬೆರಳಿಗೆ ಆದ ಗಾಯದ ಕಥೆಯೂ ಇರ್ಲಿ. ಪರ್ಮಿಷನ್ ಲೆಟರ್ ನಾನು ಬರೀತೀನಿ, ಜೊತೆಗೆ ಸೈನ್ ಹಾಕೋರು ಬೇಕು.

ಅಜ್ಜಿಯ ರೆಕಾರ್ಡಿಂಗ್ ಆಗ್ಲೇ ಶುರು ಮಾಡಿದೀನಿ. ಮೊದಲನೇ ಕಂತು ಪೂರ್ತಿ ಹಿತ್ತಲಿನ ಬಚ್ಚಲ ಬಗ್ಗೆನೇ ಇದೆ. ಅಕ್ಕನಿಗೂ ಕಳಿಸಿದೀನಿ.